ಭಾಗೀರಥಿ ಉರ್ಫ್ ಮಾಲತಿ

ನಿಂತು ಏಳು ವರ್ಷವಾಗಿದ್ದ ಮುಟ್ಟು ಮತ್ತೆ ಕಾಣಿಸಿಕೊಂಡ ದಿನ ನಾನು ದೇವರ ಮನೆಯಿಂದ ಹೊರಗೆ ಬಂದು ಯಜಮಾನರಿಗೆ, "ಮೊಣಕಾಲು ಭಾಳ ನೋವಾಗ್ಯಾವ, ಕೂಡ್ಲಿಕ್ಕೆ ಆಗವಲ್ತು. ನಾಕು ದಿನ ಪೂಜಿ ನೀವೇ ಮಾಡ್ರಿ" ಎಂದೆ. ಸುಳ್ಳು ಹೇಳಿದ್ದಕ್ಕೆ ಮನಸ್ಸಿನಲ್ಲೇ ರಾಯರಿಗೆ ಕೈಮುಗಿದೆ. ಡಾಕ್ಟರರ ನೆನಪು ಒಂದು ಸಲವೂ ಬರಲಿಲ್ಲ. ಮಡಿ ಮೈಲಿಗೆಯ ನೆನಪು ಮಾತ್ರ ಬಂತು. ತಾಯಿ ನನಗೆ ಕಲಿಸಿದ್ದು ಅಷ್ಟೇ: ಅದು ಬಂದರೆ ದೇವರಿಂದ ದೂರ ಇರು, ಹೋದ ಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಾ. ಬರಬಾರದ ವಯಸ್ಸಿನಲ್ಲಿ ಬಂದರೆ ಏನು ಮಾಡಬೇಕೆಂದು ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೀಗೆ ಮೂರು ತಿಂಗಳು ಕಳೆದೆ. ಎರಡು ದಿನ ಬರುತ್ತಿತ್ತು, ವಾರ ಬಿಟ್ಟು ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಮೊಣಕಾಲಿನ ಮೇಲೆ ಹಾಕಿದೆ. ಈಗ ನಾನು ಆರಾಮಾಗಿದ್ದೇನೆ, ಆಪರೇಶನ್ ಆಗಿ ವರ್ಷ ದಾಟಿತು. ಆದರೂ ಆ ಮೂರು ತಿಂಗಳು ನೆನಪಾದರೆ ಮೈ ಬೆವರುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತೆ. ಓದುವವರಲ್ಲಿ ನನ್ನಂಥ ಒಬ್ಬಳು ಇದ್ದರೂ ಸಾಕು. ತಂಗೀ, ಅದು ಮೈಲಿಗೆ ಅಲ್ಲವ್ವ, ಕಾಯಿಲೆ. ನಾಳೆ ಬೆಳಿಗ್ಗೆಯೇ ಡಾಕ್ಟರರ ಹತ್ತಿರ ಹೋಗು.

ನನ್ನ ಸುಳ್ಳನ್ನು ಹಿಡಿದದ್ದು ನಮ್ಮ ಯಜಮಾನರೇ. ಅವರು ಪುಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಮೂವತ್ತಾರು ವರ್ಷ ಸಿಬ್ಬಂದಿ ವಿಭಾಗದ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾರ ಅರ್ಜಿಯಲ್ಲಾದರೂ ಒಂದು ಸಹಿ ಕಡಿಮೆ ಇದ್ದರೆ ಸಾಕು, ಕೆಂಪು ಮಸಿಯಲ್ಲಿ ತಕರಾರು ಬರೆದು ವಾಪಸು ಕಳಿಸುವುದರಲ್ಲಿ ಅವರು ಹೆಸರಾದವರು. ಒಂದು ದಿನ ಆರತಿ ಮುಗಿಸಿ ಹೊರಗೆ ಬಂದವರು ನನ್ನ ಎದುರು ಕುಳಿತರು.

"ಮೊಣಕಾಲು ನೋವಂತೀ. ಮೂರನೇ ಮಜಲಿ ಮೆಟ್ಟಲಾ ಕಾಯಿಪಲ್ಯೆ ಚೀಲಾ ಹಿಡಕೊಂಡು ದಡದಡ ಹತ್ತಿ ಬರ್ತೀ. ದೇವರ ಮನಿ ಹೊಸ್ತಿಲಾ ಅಷ್ಟ ದಾಟಲಿಕ್ಕೆ ಆಗೂದಿಲ್ಲೇನು?"

ನಾನು ಮೊಣಕಾಲು ನೀವಿಕೊಂಡೆ.

"ಇಷ್ಟು ವರ್ಷ ಮಂದಿ ರಜಾ ಅರ್ಜಿ ಓದೀನಿ. ಖರೇ ಕಾರಣ ಯಾವುದು, ಬರದ ಕಾರಣ ಯಾವುದು, ನನಗ ಗೊತ್ತಾಗ್ತದ. ಹೇಳು."

ಹೇಳಿದೆ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದ ಗಂಡನಿಗೆ ಹೇಳಲು ನನಗೆ ಎಷ್ಟು ನಾಚಿಕೆಯಾಯಿತೆಂದರೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದೆ. ಅವರು ಒಂದು ಮಾತೂ ಬೈಯಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಆರೋಗ್ಯ ಕಾರ್ಡು ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. "ಚಪ್ಪಲಿ ಹಾಕ್ಕೋ" ಎಂದರು. ಅಷ್ಟೇ.

ಆ ಕಾರ್ಡಿನ ಬಗ್ಗೆ ಒಂದು ಮಾತು. ಪಿಂಚಣಿದಾರರಿಗೂ ಅವರ ಹೆಂಡಂದಿರಿಗೂ ಸರ್ಕಾರ ಕೊಟ್ಟಿರುವ ಕಾರ್ಡು ಅದು. ಮೊದಲು ನಮ್ಮ ಭಾಗದ ಸರ್ಕಾರಿ ದವಾಖಾನೆಗೆ ಹೋಗಬೇಕು, ಅಲ್ಲಿಯ ಡಾಕ್ಟರರು ಚೀಟಿ ಕೊಡಬೇಕು, ಆ ಚೀಟಿ ಹಿಡಿದು ಯೋಜನೆಯಲ್ಲಿರುವ ದೊಡ್ಡ ಆಸ್ಪತ್ರೆಗೆ ಹೋದರೆ ನಾವು ಕೈಯಿಂದ ಒಂದು ರೂಪಾಯಿ ಕೊಡಬೇಕಾಗಿಲ್ಲ. ಅದಕ್ಕೆ ಎಲ್ಲರೂ ಕ್ಯಾಶ್‌ಲೆಸ್ ಎನ್ನುತ್ತಾರೆ. ಯಜಮಾನರ ನೆಗಡಿ, ನನ್ನ ಕೆಮ್ಮು ಬಿಟ್ಟರೆ ಆ ಕಾರ್ಡಿಗೆ ಅಲ್ಲಿಯವರೆಗೆ ದೊಡ್ಡ ಕೆಲಸ ಬಿದ್ದಿರಲಿಲ್ಲ.

ದವಾಖಾನೆಯ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. "ಇಷ್ಟು ದಿನ ಯಾಕ ಬರಲಿಲ್ಲ, ಕಾಕು?" ಎಂದು ಮರಾಠಿಯಲ್ಲಿ ಕೇಳಿದರು. ಪುಣೆಯಲ್ಲಿ ನನ್ನ ವಯಸ್ಸಿನವರೆಲ್ಲ ಯಾರಿಗೋ ಕಾಕುವೇ, ಅಂದರೆ ಚಿಕ್ಕಮ್ಮನೇ. ನಾನು ದೇವರ ಮನೆಯ ವಿಷಯ ಹೇಳಿದೆ. ನಗುತ್ತಾರೇನೋ ಅಂದುಕೊಂಡೆ. ಅವರು ನಗದೆ, "ನಮ್ಮ ಆಜಿಯೂ ಹೀಗೇ ಮಾಡಿದ್ದಳು" ಎಂದು ಚೀಟಿ ಬರೆದರು. ಆ ಆಜಿಗೆ ಮುಂದೆ ಏನಾಯಿತೆಂದು ನಾನು ಕೇಳಲಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು.

ಸ್ಕ್ಯಾನ್ ಆಯಿತು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ಗರ್ಭಚೀಲದ ಒಳಪದರದಲ್ಲಿ ಕ್ಯಾನ್ಸರ್. ಬೇಗ ತೆಗೆದರೆ ಭಯವಿಲ್ಲ, ತಡ ಮಾಡಬೇಡಿ ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಂಥ ದಿನವೂ "ರಾಯರೇ, ಕಿಟಕಿ ಕೊಟ್ರಿ" ಎಂದುಕೊಂಡೆ. ಇದು ನನ್ನ ಹಳೆಯ ಚಟ. ದಿನಕ್ಕೊಂದಾದರೂ ಕೊಟ್ಟದ್ದನ್ನು ಹುಡುಕಿ ಇಟ್ಟುಕೊಳ್ಳುತ್ತೇನೆ. ಯಜಮಾನರು ನನ್ನ ಪಕ್ಕದಲ್ಲಿ ಕುಳಿತು ಆ ವರದಿಯ ಮೇಲಿನ ಸೀಲು ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ನೋಡಿದರು.

ಸೋಮವಾರ ದೊಡ್ಡ ಆಸ್ಪತ್ರೆಗೆ ಹೋದೆವು. ದೌಂಡಿನಲ್ಲಿರುವ ಮಗಳು ಸ್ಮಿತಾ ಶಾಲೆಗೆ ರಜೆ ಹಾಕಿ ಬೆಳಗಿನ ರೈಲಿಗೆ ಬಂದಿದ್ದಳು. ಹೆಸರು ಬರೆಸುವ ಕಿಟಕಿಯಲ್ಲಿ ಆಧಾರ್ ಕಾರ್ಡು ಕೇಳಿದರು, ಕೊಟ್ಟೆವು. ಆಮೇಲೆ ಕುಳಿತೆವು. ಆ ಕುರ್ಚಿಗಳಲ್ಲಿ ನನ್ನ ಪಕ್ಕ ಲೋಣಾವಳಾದಿಂದ ಬಂದ ಒಬ್ಬ ಅಜ್ಜಿ ಇದ್ದಳು. ಎಲ್ಲರಿಗೂ ಚಿಕ್ಕಿ ಹಂಚುತ್ತಿದ್ದಳು. ತನ್ನ ಕಾಯಿಲೆಗಿಂತ ತನ್ನ ಊರಿನ ಯಾವ ಅಂಗಡಿಯ ಚಿಕ್ಕಿ ಒಳ್ಳೆಯದು ಎಂಬುದೇ ಅವಳಿಗೆ ದೊಡ್ಡ ವಿಷಯವಾಗಿತ್ತು.

"ಭಾಗೀರಥಿ ಕುಲಕರ್ಣಿ!" ಎಂದು ಒಳಗಿನಿಂದ ಕೂಗಿದರು.

ಯಾರೂ ಏಳಲಿಲ್ಲ.

"ಭಾಗೀರಥಿ ಕುಲಕರ್ಣಿ ಕೋಣ ಆಹೇ?" ಯಾರು ಎಂದು ಮರಾಠಿಯಲ್ಲಿ ಮತ್ತೆ ಕೇಳಿದರು.

ಯಜಮಾನರು ನನ್ನ ಕಡೆ ಬಾಗಿ ಮೆಲ್ಲಗೆ, "ನೋಡು, ನಮ್ಮವ್ವನ ಹೆಸರು" ಎಂದರು. ನಮ್ಮ ಅತ್ತೆಯವರು ತೀರಿಕೊಂಡು ಹನ್ನೊಂದು ವರ್ಷ. ನಾನು, ಯಾರೋ ಪಾಪ, ನಮ್ಮತ್ತೆಯವರ ಹೆಸರಿನವಳೇ ಇಲ್ಲಿ ಕುಳಿತಿದ್ದಾಳಲ್ಲ, ಅವಳಿಗೆ ಗುಣವಾಗಲಿ ಎಂದು ಕಣ್ಣುಮುಚ್ಚಿ ಬೇಡಿಕೊಂಡೆ. ಮೂರನೇ ಸಲ ಕೂಗಿ, ಮುಂದಿನವರ ಹೆಸರು ಕರೆದರು. ಆಗ ಸ್ಮಿತಾ ಹೌಹಾರಿ ಎದ್ದಳು. "ಅವ್ವಾ! ಅದು ನೀನೇ ಅಲ್ಲೇನs!"

ಹೌದು, ಅದು ನಾನೇ.

ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವ ಪದ್ಧತಿ ಇದೆ. ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಹರಡಿ, ವರನು ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಕೆಲವರಿಗೆ ಅದು ಬರಿಯ ಶಾಸ್ತ್ರ. ನನಗೆ ಮಾತ್ರ ಬೇರೆ ದಾರಿಯೇ ಇರಲಿಲ್ಲ. ತವರಿನವರು ಇಟ್ಟ ಹೆಸರು ಭಾಗೀರಥಿ, ಅತ್ತೆಯ ಹೆಸರೂ ಭಾಗೀರಥಿ. ತಾಯಿಯ ಹೆಸರಿನಿಂದ ಹೆಂಡತಿಯನ್ನು ಕರೆಯಲಾಗುತ್ತದೆಯೇ? ಹಾಗೆ ಬಾಗಲಕೋಟೆಯ ಭಾಗೀರಥಿ ಅಕ್ಷತೆಯ ಮಂಟಪದಿಂದ ಇಳಿಯುವಾಗ ಮಾಲತಿಯಾದಳು. ಆ ಮಾಲತಿಯನ್ನೂ ಯಜಮಾನರು ಹೆಸರು ಹಿಡಿದು ಕರೆದವರಲ್ಲ. "ಏ ಇಕೀ" ಎನ್ನುವುದರಲ್ಲೇ ಮೂವತ್ತನಾಲ್ಕು ವರ್ಷ ಸರಿಯಿತು.

ಆಧಾರ್ ಮಾಡಿಸಲು ನಮ್ಮ ಕಾಲನಿಯಲ್ಲಿ ಶಿಬಿರ ಹಾಕಿದಾಗ ಅವರು ಕಚೇರಿಯಲ್ಲಿದ್ದರು. ನಾನು ಶಾಲೆಯ ದಾಖಲೆ ಹಿಡಿದು ಒಬ್ಬಳೇ ಹೋದೆ. "ಹೆಸರು?" ಎಂದು ಕೇಳಿದರು. ದಾಖಲೆಯಲ್ಲಿ ಇದ್ದ ಹೆಸರನ್ನು ಓದಿ, ಅಡ್ಡಹೆಸರು ಮಾತ್ರ ಗಂಡನ ಮನೆಯದು ಹೇಳಿದೆ. ಹೇಳುವಾಗ ಬಾಯಿಗೆ ಬೆಲ್ಲ ಇಟ್ಟಂತಾಯಿತು. ಕಾರ್ಡು ಬಂದ ಮೇಲೆ ಯಜಮಾನರು, "ಇದು ತಪ್ಪಾತು, ತಿದ್ದಸೂಣು" ಎಂದರು. "ಇರ್ಲಿ ಬಿಡ್ರಿ, ನಮ್ಮಪ್ಪ ಇಟ್ಟ ಹೆಸರು ಒಂದು ಕಾಗದದ ಮ್ಯಾಲಾದ್ರೂ ಇರ್ಲಿ" ಎಂದೆ. ಪರರ ಫೈಲಿನಲ್ಲಿ ಅಂಥದ್ದನ್ನು ಒಂದು ಗಳಿಗೆಯೂ ಸಹಿಸದ ಮನುಷ್ಯ ನನ್ನ ಮುಖ ನೋಡಿ ಸುಮ್ಮನಾದರು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಕ್ಯಾಶ್‌ಲೆಸ್ ಕೆಲಸ ನೋಡಿಕೊಳ್ಳುವ ಮೇಜಿನಲ್ಲಿ ನಲವತ್ತೈದರ ಆಸುಪಾಸಿನ ಒಬ್ಬ ಮರಾಠಿ ಹೆಂಗಸು ಇದ್ದರು. ಕನ್ನಡಕ, ಹಸಿರು ಬಳೆ. ದವಾಖಾನೆಯ ಚೀಟಿಯನ್ನು ಎಡಗೈಯಲ್ಲಿ, ಆಧಾರ್ ಕಾರ್ಡನ್ನು ಬಲಗೈಯಲ್ಲಿ ಹಿಡಿದು ನೋಡಿ, "ಕಾಕು, ಹ್ಯಾ ದೋನ ಬಾಯಕಾ ಆಹೇತ" ಎಂದರು. ಇವರಿಬ್ಬರು ಬೇರೆ ಬೇರೆ ಹೆಂಗಸರು! ಆರೋಗ್ಯ ಕಾರ್ಡು ನೋಡಿ ಬರೆದ ಚೀಟಿಯ ಪ್ರಕಾರ ಕಾಯಿಲೆ ಮಾಲತಿಗೆ, ಆಧಾರ್ ಪ್ರಕಾರ ಬಂದು ಕುಳಿತವಳು ಭಾಗೀರಥಿ. ಒಪ್ಪಿಗೆಗೆ ಕಳಿಸಿದರೂ ವಾಪಸು ಬರುತ್ತದೆ ಎಂದರು. ಒಳಗೆ ನನ್ನನ್ನು ನೋಡಿದ ಸರ್ಜನ್ನರು ಆಪರೇಶನ್ನಿಗೆ ಗುರುವಾರ ಗೊತ್ತುಮಾಡಿದ್ದರು. ಆಮೇಲೆ ಸರ್ಜನ್ನರು ಊರಲ್ಲಿರುವುದಿಲ್ಲ, ಗುರುವಾರ ತಪ್ಪಿದರೆ ಮೂರು ವಾರ. ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಕಾಗದ ಸರಿಯಾಗಿ ಕೈಸೇರಬೇಕು. ಮುಂಗಡ ಕಟ್ಟಿ ಮಾಡಿಸಿಕೊಳ್ಳುವಷ್ಟು ಹಣ ನಮ್ಮ ಹತ್ತಿರ ಇರಲಿಲ್ಲ.

ಮೊದಲೇ ಮೂರು ತಿಂಗಳು ಕಳೆದವಳು ನಾನು. ಇನ್ನು ಮೂರು ವಾರ ಎಂದಾಗ ಹೊಟ್ಟೆಯೊಳಗೆ ಅದು ಬೆಳೆಯುವುದು ಕೇಳಿಸಿದಂತಾಯಿತು. ಅಪ್ಪನ ಹೆಸರು ಉಳಿಸಿಕೊಳ್ಳಬೇಕೆಂಬ ನನ್ನ ಆಸೆಯೇ ನನ್ನನ್ನು ಕೊಲ್ಲುತ್ತದೇನೋ ಎನ್ನಿಸಿತು.

ಯಜಮಾನರು ಎರಡೂ ಕಾಗದ ತೆಗೆದುಕೊಂಡು ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಅವರ ತಕರಾರು ಬರೋಬ್ಬರಿ ಅದ" ಎಂದರು.

ಸ್ಮಿತಾಳ ಪಿತ್ತ ನೆತ್ತಿಗೇರಿತು. "ಅಪ್ಪಾ, ನೀವು ಯಾರ ಕಡಿ? ಅವ್ವನ ಕಡಿನೋ ಮೇಜಿನ ಕಡಿನೋ?"

"ನಾನಿದ್ರೂ ವಾಪಸ್ ಕಳಸ್ತಿದ್ದೆ" ಎಂದರು. ಹೇಳಿದ್ದೇ ತಡ, ಕುರ್ಚಿಯಲ್ಲಿ ಕುಸಿದು ಕುಳಿತರು. ಎಷ್ಟು ಮಂದಿಯ ಫೈಲು ವಾಪಸು ಕಳಿಸಿದ್ದರೋ, ಅವರೆಲ್ಲರ ಮುಖ ಆಗ ಕಣ್ಣ ಮುಂದೆ ಬಂದಿರಬೇಕು.

ಅವರ ಮುಖ ನೋಡಿ ಆ ಹೆಂಗಸು ಪೆನ್ನು ಕೆಳಗಿಟ್ಟರು. "ಬಾಬಾ, ಹೆದರಬೇಡಿ" ಎಂದು ಮರಾಠಿಯಲ್ಲಿ ಶುರುಮಾಡಿದರು. "ನಮ್ಮಲ್ಲೂ ಇದೇ ಪದ್ಧತಿ. ಲಗ್ನದಲ್ಲಿ ನನ್ನ ಹೆಸರೂ ಬದಲಾಯಿತು. ಹಳೆಯ ಹೆಸರಿನಿಂದ ಈಗ ನನ್ನನ್ನು ಕರೆಯುವವನು ನನ್ನ ಅಣ್ಣ ಒಬ್ಬನೇ, ಅದೂ ದೀಪಾವಳಿಯ ಭಾವುಬೀಜಕ್ಕೆ ಹೋದಾಗ." ಆಮೇಲೆ ದಾರಿ ಹೇಳಿದರು. ಎರಡೂ ಹೆಸರು ಒಟ್ಟಿಗೆ ಇರುವ ಯಾವುದಾದರೂ ಹಳೆಯ ಕಾಗದ ಬೇಕು. ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಆಗಬೇಕು. ಎರಡರ ಮೇಲೂ ದವಾಖಾನೆಯ ಡಾಕ್ಟರರ ಸಹಿ ಬೇಕು. "ಹಳೆಯ ಕಾಗದ ಇದೆಯೇ?"

ಕುಸಿದು ಕುಳಿತಿದ್ದ ಮನುಷ್ಯ ನೆಟ್ಟಗಾದರು. "ಕಾಗದ?" ಎಂದರು. ಹಸಿದವರನ್ನು ಊಟ ಬೇಕೇ ಎಂದು ಕೇಳಿದ ಹಾಗೆ.

ನಮ್ಮ ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕು ಇದೆ. ತಾವು ಬರೆದ ಪ್ರತಿಯೊಂದು ಅರ್ಜಿಯ ಕಾರ್ಬನ್ ಪ್ರತಿ ಅವರು ಅದರಲ್ಲಿ ಇಟ್ಟಿದ್ದಾರೆ. ಸ್ಮಿತಾ ಅದಕ್ಕೆ "ಅಪ್ಪನ ರದ್ದಿ ಅಂಗಡಿ" ಎನ್ನುತ್ತಾಳೆ. ದೀಪಾವಳಿಗೊಮ್ಮೆ ನಾನು ಅದನ್ನು ಮಾರಿಬಿಡುತ್ತೇನೆ ಎಂದು ಹೆದರಿಸುತ್ತಿದ್ದೆ. ಆ ಮಧ್ಯಾಹ್ನ ಮೂವರೂ ನೆಲದ ಮೇಲೆ ಕುಳಿತು ಕಟ್ಟು ಬಿಚ್ಚಿದೆವು. ಸ್ಕೂಟರ್ ಸಾಲದ ಅರ್ಜಿ, ರಜೆಯ ಅರ್ಜಿ, ಸ್ಮಿತಾ ಹುಟ್ಟಿದ್ದನ್ನು ಕಚೇರಿಗೆ ತಿಳಿಸಿದ ಅರ್ಜಿ. ತಳದಲ್ಲಿ, ಅಂಚು ಹಳದಿಯಾದ ಒಂದು ಹಾಳೆ ಸಿಕ್ಕಿತು. ನಮ್ಮ ಮದುವೆಯಾದ ತಿಂಗಳಲ್ಲೇ, ಹೆಂಡತಿಯ ಹೆಸರನ್ನು ಆರೋಗ್ಯ ಕಾರ್ಡಿಗೆ ಸೇರಿಸಿ ಎಂದು ಅವರು ಇಂಗ್ಲಿಷಿನಲ್ಲಿ ಬರೆದದ್ದು. ಸ್ಮಿತಾ ಓದಿ ಹೇಳಿದಳು: "ನನ್ನ ಪತ್ನಿ ಮಾಲತಿ, ಮದುವೆಗೆ ಮುಂಚಿನ ಹೆಸರು ಭಾಗೀರಥಿ." ಅಡಿಯಲ್ಲಿ ಕಚೇರಿಯ ಗುಂಡು ಸೀಲು.

ನಾನು ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೆ. ನನ್ನ ಆ ಹೆಸರು ಈ ಮನೆಯ ಹೊಸ್ತಿಲ ಆಚೆಯೇ ಉಳಿಯಿತು ಎಂದು ನಾನು ತಿಳಿದಿದ್ದೆ. ಬಾಯಿಂದ ಒಂದು ದಿನವೂ ಹೇಳದವರು ತಮ್ಮ ಗುಂಡನೆಯ ಅಕ್ಷರದಲ್ಲಿ ಬರೆದು, ಪ್ರತಿ ಮಾಡಿ, ದಾರ ಕಟ್ಟಿ ಇಟ್ಟಿದ್ದರು. ನಾನು ಮೂವತ್ತನಾಲ್ಕು ವರ್ಷ ಅದರ ಮೇಲೆಯೇ ಮಲಗಿದ್ದೆ.

"ಅಳಬ್ಯಾಡ, ಮಸಿ ಕೆಡ್ತದ" ಎಂದು ಯಜಮಾನರು ಹಾಳೆ ಕಸಿದುಕೊಂಡರು.

ಮಂಗಳವಾರ ಅವರು ಪುಣೆಯ ಕ್ಯಾಂಪ್ ಎಂಬ ಪೇಟೆಗೆ ಹೋದರು. ಅಲ್ಲಿ ಬೀದಿ ಬದಿಯಲ್ಲಿ ಟೈಪು ಮಾಡುವವನ ಹತ್ತಿರ ಪ್ರಮಾಣಪತ್ರ ಬರೆಸಿ, ಅವನು ಮಾಡಿದ ನಾಲ್ಕು ತಪ್ಪು ತಿದ್ದಿಸಿ, ನೋಟರಿಯ ಸೀಲು ಹಾಕಿಸಿಕೊಂಡು ದವಾಖಾನೆಗೆ ಓಡಿದರು. ಅಷ್ಟರಲ್ಲಿ ಬಾಗಿಲು ಹಾಕಿತ್ತು. ಉಳಿದದ್ದು ಬುಧವಾರದ ಬೆಳಗು.

ಬುಧವಾರ ಏಕಾದಶಿ. ನಾನೂ ಸ್ಮಿತಾಳೂ ಬಟ್ಟೆಯ ಚೀಲ ಹಿಡಿದು ಬೆಳಿಗ್ಗೆ ಒಂಬತ್ತಕ್ಕೇ ಆಸ್ಪತ್ರೆಯಲ್ಲಿ ಕುಳಿತೆವು. ಅವರು ದವಾಖಾನೆಯ ಸಾಲಿನಲ್ಲಿ ನಿಂತಿದ್ದರು. ಲೋಣಾವಳಾದ ಅಜ್ಜಿ ಅವತ್ತೂ ಬಂದಿದ್ದಳು, ಚಿಕ್ಕಿಯನ್ನೂ ತಂದಿದ್ದಳು. ಇವತ್ತು ಉಪವಾಸ ಎಂದೆ. "ಹಾಗಾದರೆ ನಾಳೆ ತಿನ್ನು" ಎಂದು ನನ್ನ ಸೆರಗಿಗೆ ಕಟ್ಟಿದಳು. ನಾಳೆ ಎಂಬುದೊಂದು ಇದೆ ಎಂದು ಅಷ್ಟು ಸಲೀಸಾಗಿ ಹೇಳಿದಳಲ್ಲ, ಅವಳ ಬಾಯಿಗೆ ಸಕ್ಕರೆ ಬೀಳಲಿ.

ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಮೇಜಿನ ಹೆಂಗಸು ಎರಡು ಸಲ ಬಾಗಿಲ ಕಡೆ ನೋಡಿದರು. ಸ್ಮಿತಾ ಫೋನು ಮಾಡಿದರೆ ಅವರು ಎತ್ತಲಿಲ್ಲ. ನಾನು ರಾಯರ ಅಷ್ಟಾಕ್ಷರ ಜಪಿಸುತ್ತಿದ್ದೆ, ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಹಿಡಿದೆ. ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಯಜಮಾನರು ಓಡುತ್ತ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ರೈಲು ತಪ್ಪಿದರೂ ಓಡುವ ಮನುಷ್ಯ ಅಲ್ಲ. ಅಂಗಿ ಬೆನ್ನಿಗೆ ಅಂಟಿತ್ತು, ಕಾಗದಗಳು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಮಡಿಕೆಯೂ ಇಲ್ಲದೆ ಇದ್ದವು.

ಮೇಜಿನ ಹೆಂಗಸು ಪ್ರತಿ ಹಾಳೆ ತಿರುಗಿಸಿ ನೋಡಿ, "ಬಾಬಾ, ಇಷ್ಟು ಸರಿಯಾದ ಫೈಲು ನಾನು ಈ ಮೇಜಿನಲ್ಲಿ ನೋಡಿಲ್ಲ" ಎಂದರು. ನಮ್ಮವರಿಗೆ ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಮುಖ ಹಾಗೆ ಅರಳಿರಲಿಲ್ಲ. ನಾಲ್ಕು ಗಂಟೆಗೆ ಒಪ್ಪಿಗೆ ಬಂತು. ಆಕೆಯೇ ಮೇಜು ಬಿಟ್ಟು ಎದ್ದು ಬಂದು, "ಭಾಗೀರಥಿ, ಝಾಲಂ ಗ!" ಎಂದು ನನ್ನ ಭುಜ ಹಿಡಿದರು. ಆಯಿತು ಕಣೇ, ಎಂದು. ಆ ಹೆಸರಿನಿಂದ, ಅದೂ ಏಕವಚನದಲ್ಲಿ, ನನ್ನನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು!

ಸಂಜೆ ನರ್ಸಮ್ಮ ಬಂದು, ನಾಳೆಯವರೆಗೆ ಏನೂ ತಿನ್ನಬಾರದು, ಹಸಿವಾದರೆ ತಡೆದುಕೊಳ್ಳಿ ಎಂದು ಬಹಳ ಸಮಾಧಾನದಿಂದ ವಿವರಿಸಿದಳು. ಏಕಾದಶಿ ಮಾಡುವವಳಿಗೆ ಉಪವಾಸ ಹೇಳಿಕೊಡಬೇಕೇ? ನನಗೆ ಇದ್ದ ಚಿಂತೆ ಮರುದಿನದ್ದು. ದ್ವಾದಶಿಯ ಬೆಳಿಗ್ಗೆ ಪಾರಣೆ ತಪ್ಪುತ್ತದಲ್ಲ ಎಂದು ಯಜಮಾನರಿಗೆ ಹೇಳಿದೆ. ಅವರು ಮೇಲೆ ತೂಗುತ್ತಿದ್ದ ಸಲೈನ್ ಬಾಟಲಿ ನೋಡಿದರು. "ಅದೇ ಪಾರಣಿ. ನೇರ ರಕ್ತಕ್ಕೇ ಹೋಗ್ತದ" ಎಂದರು.

ಗುರುವಾರ ಆಪರೇಶನ್ ಕೋಣೆಯ ಬಾಗಿಲಲ್ಲಿ ನನ್ನ ಮಣಿಕಟ್ಟಿನ ಪಟ್ಟಿ ನೋಡಿ ಹೆಸರು ಕೇಳಿದರು. "ಭಾಗೀರಥಿ" ಎಂದೆ, ಗಟ್ಟಿಯಾಗಿ. ಆಮೇಲೆ ಯಜಮಾನರನ್ನು ಕೇಳಿದರು, "ಪೇಶಂಟ್ ಹೆಸರೇನು?" ಅವರು ಬಾಯಿ ತೆರೆದರು, ಮುಚ್ಚಿದರು. "ಮಾಝಿ ಮಿಸೆಸ್" ಎಂದರು, ನನ್ನ ಹೆಂಡತಿ ಎಂದು. ಪ್ರಮಾಣಪತ್ರದಲ್ಲಿ ಬರೆಸಿಯೂ ಬಾಯಿಗೆ ಬರಲಿಲ್ಲ. ನಾನು ನಗುತ್ತಲೇ ಒಳಗೆ ಹೋದೆ. ಹಾಗೆ ಒಳಗೆ ಹೋಗಲು ಎಲ್ಲರಿಗೂ ಸಿಗುವುದಿಲ್ಲ, ನನಗೆ ಸಿಕ್ಕಿತು.

ಎಚ್ಚರವಾದ ಮೇಲಿನ ನೋವು, ಮೊದಲ ಸಲ ಎದ್ದು ಕೂತಾಗ ಬಂದ ತಲೆಸುತ್ತು, ಇವನ್ನೆಲ್ಲ ಬೆಳೆಸಿ ಹೇಳುವುದಿಲ್ಲ. ಬಂದವು, ಹೋದವು. ಸೆರಗಿನ ಚಿಕ್ಕಿಯನ್ನು ಸ್ಮಿತಾ ತಿಂದು ಮುಗಿಸಿದ್ದಳು. ತೆಗೆದ ಗರ್ಭಚೀಲದ ಪರೀಕ್ಷಾ ವರದಿ ಹನ್ನೊಂದನೆಯ ದಿನ ಬಂತು. ರೋಗ ಆಚೆ ದಾಟಿರಲಿಲ್ಲ. ಕೆಲವು ಸಲ ಕಿರಣ ಚಿಕಿತ್ಸೆಗೆ ಹೋದೆ. ಈಗ ಆಗಾಗ ತೋರಿಸಿಕೊಂಡು ಬರುವುದಷ್ಟೇ. ರಾಯರ ಮಠದ ಭಜನಾ ಮಂಡಳಿಯಲ್ಲಿ ಒಂದು ದಿನ ತಾಳ ಕೆಳಗಿಟ್ಟು ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಹಿರಿಯರೊಬ್ಬರು, "ಮಠದಾಗ ಇಂಥಾ ಮಾತೇನs" ಎಂದು ಮುಖ ತಿರುಗಿಸಿದರು. ಆದರೆ ಮರುವಾರ ಇಬ್ಬರು ನನ್ನನ್ನು ಬದಿಗೆ ಕರೆದು ಆ ಡಾಕ್ಟರಮ್ಮ ಯಾವ ಹೊತ್ತಿಗೆ ಸಿಗುತ್ತಾರೆಂದು ಕೇಳಿದರು.

ಆ ವರದಿ ಬರಬೇಕಾಗಿದ್ದ ದಿನದ ಬೆಳಿಗ್ಗೆಯದನ್ನು ಹೇಳಿ ಮುಗಿಸುತ್ತೇನೆ.

ಆಗಿನ್ನೂ ಪೂಜೆ ಅವರದೇ. ನಾನು ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದೆ. ಗಂಧ ತೇಯ್ದದ್ದು ಕೇಳಿಸಿತು. ನೀರು ಹಾಕಿದ್ದು ಜಾಸ್ತಿಯಾಗಿದೆ ಎಂದು ಸದ್ದಿನಿಂದಲೇ ತಿಳಿಯಿತು. ಆಮೇಲೆ ಸಂಕಲ್ಪ ಶುರುವಾಯಿತು. ದೇಶ, ಕಾಲ, ಗೋತ್ರ ಎಲ್ಲ ಹೇಳಿ, "ಮಮ ಧರ್ಮಪತ್ನ್ಯಾಃ" ಎನ್ನುವಲ್ಲಿಗೆ ಬಂದು ನಿಂತರು. ಗಂಟಲು ಸರಿಮಾಡಿಕೊಂಡರು. ಮತ್ತೆ, ಕಚೇರಿಯಲ್ಲಿ ಓದಿ ಹೇಳುವ ಸ್ಪಷ್ಟ ದನಿಯಲ್ಲಿ, "ಭಾಗೀರಥೀ ಉರ್ಫ್ ಮಾಲತೀ ನಾಮ್ನ್ಯಾಃ" ಎಂದರು.

ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಅದೂ ಎರಡೂ ಒಟ್ಟಿಗೆ.

ಅವರು ತೀರ್ಥದ ಬಟ್ಟಲು ಹಿಡಿದು ಹೊರಗೆ ಬಂದಾಗ ಕೇಳಿದೆ, "ಅಲ್ರಿ, ಸಂಸ್ಕೃತದಾಗ ಉರ್ಫ್ ಎಲ್ಲಿಂದ ಬಂತು? ದೇವರಿಗೆ ನಾ ಯಾರಂತ ಗೊತ್ತಿಲ್ಲೇನು?"

ಅವರು ನನ್ನ ಅಂಗೈಗೆ ತೀರ್ಥ ಹಾಕಿದರು. ಒಂದು ಹನಿಯೂ ಚೆಲ್ಲದಂತೆ ನೋಡಿಕೊಂಡರು.

"ಇರ್ಲಿ ತಗೋ. ಅಲ್ಲಿಂದ ಫೈಲು ವಾಪಸ್ ಬಂದ್ರ, ನಾ ಆಮ್ಯಾಲೆ ಯಾರ ಕಡೆ ಹೋಗ್ಲಿ?"

ಹನ್ನೊಂದು ದಿನದ ಹೊಲಿಗೆ. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕೆ.